ಅಜ್ಜಿ ಉಣಿಸದ ದಿನ

ಇವತ್ತಿಗೂ ಎಲ್ಲಾದರೂ ಮುದ್ದೆ ಬೇಯುವ ವಾಸನೆ ಬಂದರೆ ನನಗೆ ಅಜ್ಜಿ ಬೇಕೆನಿಸುತ್ತದೆ. ನಮ್ಮೂರು ಕೊತ್ತತ್ತಿಯಲ್ಲಿ ನನ್ನಜ್ಜಿ ಮರಿತಾಯಮ್ಮನ ಹೊಸ್ತಿಲನ್ನು ಯಾರೂ ಬರಿ ಹೊಟ್ಟೆಯಲ್ಲಿ ದಾಟುವಂತಿರಲಿಲ್ಲ. ಬಳೆ ಮಾರುವವಳಾಗಲಿ, ಕಂದಾಯ ಕೇಳಲು ಬಂದವನಾಗಲಿ, ಮೊದಲು ಮುದ್ದೆ, ಆಮೇಲೆ ಮಾತು. ಬೇಡ ಎಂದವರಿಗೆ ಬೈಗುಳವೂ ಸೇರಿ ಸಿಗುತ್ತಿತ್ತು. ಅಂಥವಳು ಒಂದೇ ಒಂದು ಸಲ ಉಣಿಸದೆ ಕೂತಿದ್ದು ನನಗಾಗಿ.

ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ನಾನು ಹುಟ್ಟಿದೆ. ತಿಂಗಳುಗಳು ಕಳೆದರೂ ಹೊಕ್ಕುಳು ಒಣಗಲಿಲ್ಲ. ಅಜ್ಜಿ ತಾಮ್ರದ ಕಾಸು ಇಟ್ಟು ಬಟ್ಟೆ ಬಿಗಿದಳು. ಬಿಚ್ಚಿದಾಗೆಲ್ಲ ಹಳದಿ ಕಲೆ, ಮಲದ ವಾಸನೆ. ಮಂಡ್ಯದ ಡಾಕ್ಟರು ನೋಡಿದರು. ಬಸಿರಿನಲ್ಲೇ ಮುಚ್ಚಿಹೋಗಬೇಕಿದ್ದ ಕೊಳವೆ ಸಣ್ಣಕರುಳಿನಿಂದ ಹೊಕ್ಕುಳಿನವರೆಗೆ ತೆರೆದೇ ಉಳಿದಿದೆ, ಕೊಯ್ದು ತೆಗೆಯದಿದ್ದರೆ ಕರುಳು ಅದಕ್ಕೆ ಸುತ್ತಿಕೊಂಡು ಮಗು ಉಳಿಯದೆ ಹೋಗಬಹುದು ಎಂದರು. ಅಪ್ಪ, ಅವ್ವ ದೇವಿರಮ್ಮ, ಅಜ್ಜಿ ನನ್ನನ್ನೆತ್ತಿಕೊಂಡು ಮೈಸೂರಿನ ರೈಲು ಹತ್ತಿದರು.

ಆಪರೇಷನ್ ದಿನ ಬೆಳಿಗ್ಗೆಯಿಂದ ಹಾಲೂ ಕೊಡಬಾರದೆಂದು ನರ್ಸಮ್ಮ ಹೇಳಿದ್ದರು. ಕತ್ತಿಯ ಕೆಳಗೆ ಮಲಗುವ ಕೂಸನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದುಂಟೇ? ಅಜ್ಜಿ ಕಂಬದ ಮರೆಯಲ್ಲಿ ರಾಗಿ ಸರಿ ತಿನ್ನಿಸಿಬಿಟ್ಟಳು. ನನ್ನ ಕೆನ್ನೆಗೆ ಮೆತ್ತಿದ್ದ ಸರಿ ನೋಡಿ ಡಾಕ್ಟರು ಆಪರೇಷನ್ ಮುಂದೂಡಿದರು.

“ಮತ್ತಿನಲ್ಲಿದ್ದಾಗ ವಾಂತಿಯಾದರೆ ಮಗು ಉಸಿರುಕಟ್ಟಿ ಸಾಯುತ್ತೆ ಅಜ್ಜಿ,” ಎಂದರು. ಅಜ್ಜಿ ಉಳಿದ ಸರಿಯನ್ನು ಹೊರಗೆ ಚೆಲ್ಲಿ ಬಂದಳಂತೆ.

ಮಾರನೆಯ ದಿನ ನಾನು ಹಸಿವಿನಿಂದ ಕಿರುಚಿದೆನಂತೆ. ಅವ್ವ ತಡೆಯಲಾರದೆ ಹಾಲು ಕುಡಿಸಲು ಹೋದಾಗ ಅಜ್ಜಿಯೇ ನನ್ನನ್ನು ಕಿತ್ತುಕೊಂಡಳು.

“ಅತ್ಕಳ್ಳಿ ಬುಡು ದೇವಿರಿ. ಅತ್ರೆ ಸಾಯಕಿಲ್ಲ ಕಣಮ್ಮ.”

ಹಾಗೆಂದವಳೂ ಅಳುತ್ತಿದ್ದಳು. ಅವಳ ಬಾಯಿಗೂ ಅವತ್ತು ತೊಟ್ಟು ನೀರು ಬೀಳಲಿಲ್ಲ.

ಆಪರೇಷನ್ ಆದ ಮೇಲೂ, ಕರುಳು ಕೆಲಸ ಶುರುಮಾಡುವವರೆಗೆ ಏನೂ ಕೊಡುವ ಹಾಗಿರಲಿಲ್ಲ. ಕೊನೆಗೊಂದು ಮಧ್ಯಾಹ್ನ ನಾನು ಅಜ್ಜಿಯ ಮಡಿಲಲ್ಲೇ ಗಲೀಜು ಮಾಡಿದೆ. ಹೊಕ್ಕುಳ ಮೇಲಿನ ಬಟ್ಟೆ ಒಣಗೇ ಇತ್ತು.

“ಮಾಡ್ಕಂತು ಕಣ್ರಮ್ಮಾ, ಮಾಡ್ಕಂತು!” ಎಂದು ಅಜ್ಜಿ ವಾರ್ಡಿಗೆಲ್ಲ ತನ್ನ ಸೀರೆ ತೋರಿಸಿಕೊಂಡು ಓಡಾಡಿದಳಂತೆ.

ನನಗೆ ಮಕ್ಕಳಾದ ಮೇಲೂ ಅವಳು ಮುದ್ದೆಯ ಮೇಲೆ ಮುದ್ದೆ ಹಾಕುತ್ತಿದ್ದಳು. ಹೊಟ್ಟೆ ಬಿರಿಯುತ್ತೆ, ಸಾಕು ಎಂದು ಒಮ್ಮೆ ರೇಗಿಬಿಟ್ಟೆ.

“ಉಣ್ಲಾ,” ಎಂದಳು. “ಅವತ್ತು ನೀ ಅತ್ತಿದ್ದು ಇನ್ನೂ ಕಿವೀಲೇ ಐತೆ. ನೀ ಉಣ್ತಿದ್ರೆ ಕೇಳ್ಸಕಿಲ್ಲ.”

ಇನ್ನೊಂದು ಮುದ್ದೆ ಹಾಕಲೆಂದು ನಾನು ಗಂಗಳವನ್ನು ಅವಳ ಕಡೆಗೆ ಸರಿಸಿದೆ.