ಪೂಜೆಗಿಟ್ಟ ಸ್ಪೂಲುಗಳು

ಮರೆಪ್ಪನವರಿಗೆ ಎಡಗಿವಿ ಕೇಳಿಸುವುದಿಲ್ಲ. ಅವರ ಕಸುಬು ಟೇಪ್ ರೆಕಾರ್ಡರ್ ರಿಪೇರಿ.

ಬೆಳಗಿನ ಐದೂವರೆ. ಪೀಣ್ಯ ಎರಡನೇ ಹಂತದಲ್ಲಿ ರಾತ್ರಿ ಪಾಳಿಯವರು ಖಾಲಿ ಡಬ್ಬಿ ಹಿಡಿದು ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದಾರೆ. ಹಗಲು ಪಾಳಿ ಇನ್ನೂ ಬಂದಿಲ್ಲ. ಗ್ರೈಂಡಿಂಗ್ ಶೆಡ್ಡೊಂದರ ಮೂಲೆಗೆ ಪ್ಲೈವುಡ್ ಹಲಗೆ ಅಡ್ಡ ನಿಲ್ಲಿಸಿ ಮಾಡಿಕೊಂಡ ಜಾಗದಲ್ಲಿ ಮರೆಪ್ಪ ಸ್ಟೂಲಿನ ಮೇಲೆ ಕೂತು, ಬಲಗಿವಿಯನ್ನು ಸ್ಪೀಕರಿಗೆ ಒತ್ತಿಕೊಂಡಿದ್ದಾರೆ. ಎದುರಿಗೆ, ತೆರೆದ ಚಕ್ರಗಳಿಗೆ ಟೇಪ್ ಸುತ್ತಿದ ಹಳೆಯ ಸ್ಪೂಲ್ ಮಷಿನ್ ತಿರುಗುತ್ತಿದೆ. ಬರುತ್ತಿರುವುದು ಗುಂಯ್ ಎನ್ನುವ ಒಂದೇ ಸದ್ದು. ಬಹಳ ಹೊತ್ತಿನ ಮೇಲೆ ಅವರು ಕೈ ಎತ್ತುತ್ತಾರೆ. ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಕೇಳಿಸುತ್ತಾರೆ. ಗುಂಯ್ ನಡುವೆ ಒಂದು ಡ್ರಮ್ಮಿನ ಪೆಟ್ಟು. ಮತ್ತೆ ಗುಂಯ್.

“ಇದೊಂದ್ ಸಿಕ್ತು ನೋಡಿ ಸಾರ್. ನೆನ್ನೆ ಏನೂ ಸಿಗ್ನಿಲ್ಲ.”

ಆ ಒಂದು ಪೆಟ್ಟನ್ನು ಅವರು ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಾರೆ. ಈ ಕೆಲಸ ಬೆಳಗಿನಲ್ಲೇ ಆಗಬೇಕು. ಸುತ್ತಲಿನ ಶೆಡ್ಡುಗಳಲ್ಲಿ ಮಷಿನ್‌ಗಳು ಶುರುವಾದರೆ ವೋಲ್ಟೇಜ್ ಇಳಿಯುತ್ತದೆ. ಸ್ಪೂಲ್ ನಿಧಾನವಾಗಿ ತಿರುಗುತ್ತದೆ, ಹೆಂಗಸಿನ ಧ್ವನಿ ಗಂಡಸಿನದಾಗುತ್ತದೆ.

ಮರೆಪ್ಪನವರಿಗೆ ಈಗ ನಲವತ್ತೆಂಟು. ಊರು ಚಿಕ್ಕಬಾಣಾವರದ ಹತ್ತಿರ. ಹದಿನೆಂಟಕ್ಕೆ ಪೀಣ್ಯದ ಪ್ರೆಸ್ ಶಾಪೊಂದಕ್ಕೆ ಸೇರಿದರು. ಮಷಿನ್ ಇದ್ದದ್ದು ಅವರ ಎಡಗಡೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಮೇಸ್ತ್ರಿ ಕೂಗಿದ್ದು ಕೇಳಿಸದೆ ಒಂದು ದಿನ ಕೈ ಸಿಕ್ಕಿಹಾಕಿಕೊಳ್ಳುವುದರಲ್ಲಿತ್ತು. ಕೆಲಸದಿಂದ ತೆಗೆದರು. ಆಮೇಲೆ ಕಲಿತದ್ದು ರಿಪೇರಿ. “ಕಿವುಡ ಟೇಪ್ ರೆಕಾರ್ಡರ್ ರಿಪೇರಿ ಮಾಡ್ತಾನಂತೆ ಅಂತ ನಗೋರು. ನಗ್ಲಿ ಬಿಡಿ, ಒಂದ್ ಕಿವಿ ಸಾಕು. ಟೇಪಿಗೇನು ಎರಡ್ ಬಾಯಾ?”

ದಿನಕ್ಕೆ ನಾಲ್ಕೈದು ಸೆಟ್ ಬರುತ್ತವೆ. ಬೆಲ್ಟ್ ಸಡಿಲಾದದ್ದು, ಟೇಪನ್ನು ನುಂಗಿದ್ದು, ಕಾರ್ಮಿಕರ ರೂಮಿನಲ್ಲಿ ಮೇಲಿಂದ ಬಿದ್ದು ಬಾಗಿಲು ಮುರಿದದ್ದು. ಜೊತೆಗೆ ಕ್ಯಾಸೆಟ್ ರೆಕಾರ್ಡಿಂಗ್. ಸಿನಿಮಾ ಹಾಡು, ಭಜನೆ, ದೇವರ ಪದ. ಇಂಗ್ಲಿಷ್ ಹಾಡು ಕೇಳಿ ಇಲ್ಲಿಗೆ ಬರುವವರಿಲ್ಲ.

ಹಾಗಾಗಿ ಕಳೆದ ಆಗಸ್ಟಿನಲ್ಲಿ ಎಥೆಲ್ ಬಂದಾಗ ಮರೆಪ್ಪ ದಾರಿ ತಪ್ಪಿ ಬಂದವರೆಂದುಕೊಂಡರು. ಎಥೆಲ್ ವೈಟ್‌ಫೀಲ್ಡಿನ ಹಳೆಯ ಆಂಗ್ಲೋ ಇಂಡಿಯನ್ ಕಾಲೊನಿಯವರು, ಶಾಲೆಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಊರಿನ ಆ ತುದಿಯಿಂದ ಈ ತುದಿಗೆ ಮೂರು ಬಸ್ ಬದಲಾಯಿಸಿ ಬಂದಿದ್ದರು. ಕೈಯಲ್ಲಿ ಬಿಸ್ಕತ್ ಡಬ್ಬ, ಅದರೊಳಗೆ ಐದು ಸ್ಪೂಲ್. ಸಿಟಿಯ ಅಂಗಡಿಗಳಲ್ಲಿ ಸ್ಪೂಲ್ ಮಷಿನ್ ಯಾರ ಹತ್ತಿರವೂ ಉಳಿದಿರಲಿಲ್ಲ. ಪೀಣ್ಯದಲ್ಲಿ ಒಬ್ಬ ಗುಜರಿಯಿಂದ ತಂದು ರಿಪೇರಿ ಮಾಡಿಟ್ಟುಕೊಂಡಿದ್ದಾನೆ ಎಂದು ಯಾರೋ ಹೇಳಿದ್ದರು.

ಸ್ಪೂಲಿನಲ್ಲಿದ್ದದ್ದು ಆಕೆಯ ಅಣ್ಣ ಡಡ್ಲಿಯ ಹಾಡುಗಳು. ಡಡ್ಲಿ ಅರವತ್ತರ ದಶಕದ ಕೊನೆಯಲ್ಲಿ ಮೂವರು ಗೆಳೆಯರೊಂದಿಗೆ ‘ಟ್ಯಾಮರಿಂಡ್ ಕ್ಲಾಕ್’ ಎಂಬ ಬ್ಯಾಂಡ್ ಕಟ್ಟಿದ್ದರು. ಗಿಟಾರಿನ ಸದ್ದನ್ನು ಎಳೆದು ತಿರುಚುವುದು, ಟೇಪನ್ನು ಹಿಂದುಮುಂದಾಗಿ ಓಡಿಸುವುದು, ಅರೆನಿದ್ದೆಯಲ್ಲಿ ಕೇಳಿದಂತೆ ಹಾಡುವುದು: ಸೈಕೆಡೆಲಿಕ್ ಎಂದು ಆಗ ಎಲ್ಲೆಲ್ಲೂ ಹೆಸರಾಗಿದ್ದ ಪಾಪ್ ಸಂಗೀತ. ಇವರು ಅದಕ್ಕೆ ತಂಬೂರಿ ಸೇರಿಸಿದರು, ಫ್ಯಾಕ್ಟರಿ ಸೈರನ್ ಸೇರಿಸಿದರು. ಒಂದೇ ಒಂದು ರೆಕಾರ್ಡ್ ಬಂತು, ಎರಡು ಬದಿಗೆ ಎರಡು ಹಾಡು. ದಂಡು ಪ್ರದೇಶದ ಡಾನ್ಸ್ ಹಾಲುಗಳಲ್ಲಿ ಕುಣಿದಿದ್ದ ಜನ ಈಗಲೂ ಆ ಎರಡನ್ನು ಗುನುಗುತ್ತಾರೆ. ಉಳಿದವು ಹೊರಗೆ ಬರಲೇ ಇಲ್ಲ. ಮೂವರು ಗೆಳೆಯರು ಆಸ್ಟ್ರೇಲಿಯಾಕ್ಕೆ ಹೋದರು. ಡಡ್ಲಿ ರೈಲ್ವೆಯಲ್ಲಿ ಫಿಟ್ಟರ್ ಆದರು, ಮನೆಯಲ್ಲಿದ್ದ ಸ್ಪೂಲ್ ಮಷಿನ್ ಮಾರಿದರು, ಎರಡು ವರ್ಷದ ಹಿಂದೆ ತೀರಿಕೊಂಡರು.

“ಆ ಎರಡು ಹಾಡು ನಂಗೆ ಬೇಡ ಮ್ಯಾನ್,” ಎಂದಿದ್ದರಂತೆ ಎಥೆಲ್. “ಅದು ಎಲ್ಲರ ಹತ್ರ ಇದೆ. ಯಾರೂ ಕೇಳಿಲ್ವಲ್ಲ, ಅದು ಕೊಡು.”

ಆಕೆಗೆ ಮುಖ್ಯವಾಗಿ ಬೇಕಾಗಿದ್ದದ್ದು ಒಂದು. ಮೂರನೇ ಸ್ಪೂಲಿನ ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ‘ಎಥೆಲ್‌ಳ ಕೊಡೆ’ ಎಂಬ ಅರ್ಥದ ಇಂಗ್ಲಿಷ್ ಹೆಸರಿತ್ತು. ತನ್ನ ಹೆಸರಿನ ಹಾಡನ್ನು ಆಕೆ ಕೇಳಿದ್ದು ಒಂದೇ ಸಲ, ಮುಚ್ಚಿದ ಬಾಗಿಲಿನ ಈಚೆಯಿಂದ. ಮಾತುಗಳು ತಿಳಿದಿರಲಿಲ್ಲ. ಅಣ್ಣನನ್ನು ಕೇಳಿದರೆ ರೆಕಾರ್ಡ್ ಹೊರಗೆ ಬಂದಾಗ ಕೇಳುವಿಯಂತೆ ಎಂದಿದ್ದರು.

ಮರೆಪ್ಪ ಸೆಪ್ಟೆಂಬರಿನಲ್ಲಿ ಮೊದಲನೇ ಸ್ಪೂಲನ್ನು ಕ್ಯಾಸೆಟ್ಟಿಗೆ ಇಳಿಸಿದರು. ಅಷ್ಟರಲ್ಲಿ ದಸರಾ ಬಂತು. ಗಲ್ಲಿಗೊಂದು ಪೆಂಡಾಲು, ಪೆಂಡಾಲಿಗೊಂದು ಭಜನೆ ಕ್ಯಾಸೆಟ್. “ಅಬ್ಬಕ್ಕೆ ಅರ್ಜೆಂಟು ಅಂತ ಬಂದ್ರು ಸಾರ್ ಎಲ್ರೂವೆ. ಮೇಡಂದು ಇಪ್ಪತ್ತೈದು ವರ್ಷ ಕಾದದೆ, ಇನ್ನೊಂದ್ ವಾರ ಕಾಯಕಿಲ್ವಾ, ಅಬ್ಬ ಆದ್ಮೇಲೆ ನಿಧಾನುಕ್ಕೆ ಮಾಡಾನ ಅಂದ್ಕಂಡೆ. ಅಂಗಂದ್ಕಂಡಿದ್ದೇ ತಪ್ಪಾಯ್ತು.”

ಆಯುಧಪೂಜೆಯ ದಿನ ಪೀಣ್ಯದಲ್ಲಿ ಮಷಿನ್‌ಗಳಿಗೆ ಸ್ನಾನ. ಗ್ರೀಸ್ ಒರೆಸಿ, ಕುಂಕುಮ ಇಟ್ಟು, ಚೆಂಡುಹೂವು ಸುತ್ತುತ್ತಾರೆ. ಪ್ರತಿಯೊಬ್ಬರೂ ತಮ್ಮ ಸಲಕರಣೆ ತಂದು ಒಂದು ಕಡೆ ಇಡುತ್ತಾರೆ. ಮಂಗಳಾರತಿ ಆದ ಮೇಲೆ ಎಲ್ಲ ಮಷಿನ್‌ಗಳನ್ನೂ ಒಂದು ಗಳಿಗೆ ಓಡಿಸಿ ನಿಲ್ಲಿಸುವುದು ಕ್ರಮ. ಶೆಡ್ಡಿನ ಮಾಲೀಕ ಚನ್ನವೀರಪ್ಪ ಆ ವಾರವಷ್ಟೇ ಒಂದು ಮಷಿನ್ ತರಿಸಿದ್ದರು. ಮೇಜಿನಂತೆ ಸಪಾಟಾಗಿದ್ದದ್ದು. ಹೊಸದಕ್ಕೆ ಮೊದಲ ಪೂಜೆ. ಅದರ ಮೇಲೆ ಕೆಂಪು ಬಟ್ಟೆ ಹಾಸಿ, ಎಲ್ಲರ ಸಲಕರಣೆಗಳನ್ನೂ ಅದರ ಮೇಲೆಯೇ ಇಡಿಸಿದರು.

ಮರೆಪ್ಪ ಪ್ರತಿ ವರ್ಷ ಸಾಲ್ಡರಿಂಗ್ ಐರನ್ನು, ಸ್ಕ್ರೂಡ್ರೈವರ್ ಇಡುತ್ತಿದ್ದರು. ಈ ಸಲ ಬಿಸ್ಕತ್ ಡಬ್ಬದಿಂದ ಸ್ಪೂಲುಗಳನ್ನು ತೆಗೆದು, ಅವನ್ನೂ ಸಾಲಾಗಿ ಇಟ್ಟರು. “ಇಂಥ ಕೆಲ್ಸ ನಂಗೆ ಯಾವತ್ತೂ ಬಂದಿರ್ನಿಲ್ಲ. ದೇವರ ಮುಂದೆ ಇಡಾನ ಅನ್ನುಸ್ತು.”

ಆ ಮಷಿನ್ ಏನೆಂದು ಅವರು ಕೇಳಲಿಲ್ಲ. ಗ್ರೈಂಡಿಂಗ್ ಆಗುವಾಗ ಕಬ್ಬಿಣದ ಭಾಗಗಳನ್ನು ಆಯಸ್ಕಾಂತ ಹಿಡಿದಿಟ್ಟಿರುತ್ತದೆ. ಆಮೇಲೆ ಅವುಗಳಲ್ಲಿ ಉಳಿಯುವ ಆಯಸ್ಕಾಂತ ಗುಣವನ್ನು ಅಳಿಸಲು ಇದು. ಟೇಪಿನಲ್ಲಿ ಹಾಡು ಇರುವುದೂ ಆಯಸ್ಕಾಂತದ ರೂಪದಲ್ಲೇ. ಆರತಿ ಆಯಿತು. ಕುಂಬಳಕಾಯಿ ಒಡೆದರು. ಚನ್ನವೀರಪ್ಪ ಒಂದೊಂದೇ ಸ್ವಿಚ್ ಹಾಕುತ್ತಾ ಬಂದು ಹೊಸ ಮಷಿನ್ನಿನದನ್ನೂ ಹಾಕಿದರು. ಕೆಂಪು ಬಟ್ಟೆಯ ಮೇಲಿದ್ದ ಸ್ಕ್ರೂಡ್ರೈವರುಗಳು ಗಡಗಡ ಅದುರಿದವು. ಎಲ್ಲರೂ ನಕ್ಕರು. ಅದು ಆಯಸ್ಕಾಂತದ ಎಳೆತವೆಂದು ಹೊಳೆದ ಮರೆಪ್ಪ ಮಾತ್ರ ಓಡಿಬಂದು ಸ್ವಿಚ್ ಆರಿಸಿದರು.

“ಸ್ಪೀಕರ್ ಪಕ್ಕ ಕ್ಯಾಸೆಟ್ ಇಡಬ್ಯಾಡ್ರಪ್ಪಾ, ಆಳಾಯ್ತದೆ ಅಂತ ಊರಿಗೆಲ್ಲ ಏಳೋನು ನಾನು,” ಎನ್ನುತ್ತಾರೆ.

ರಾಣೆಬೆನ್ನೂರು ಕಡೆಯ ಚನ್ನವೀರಪ್ಪನವರಿಗೆ ಈ ಪ್ರಸ್ತಾಪವೇ ಕಿರಿಕಿರಿ. “ಅಲ್ರೀ, ಪೂಜಿ ದಿನ ಮಷಿನ್ ಚಾಲೂ ಮಾಡ್ಬಾರ್ದೇನ್ರಿ? ಟೇಪ್ ಅದಾವಂತ ನನಗೇನ್ ಕನಸು ಬಿದ್ದಿತ್ತಾ?” ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳುತ್ತಾರೆ: “ಅದು ಏನು ಮಾಡೂ ಮಷಿನ್ ಅಂತ ಒಂದ್ ಮಾತು ಹೇಳ್ಬೇಕಿತ್ರಿ ನಾನು. ಹೊಸಾದು ತಂದ ಖುಷಿಯೊಳಗ ರೇಟ್ ಹೇಳ್ಕೊಂತ ಅಡ್ಡಾಡಿದೆ.”

ಮರೆಪ್ಪ ವೈಟ್‌ಫೀಲ್ಡಿಗೆ ಹೋಗಿ ಹೇಳಲಿಲ್ಲ. ಎಥೆಲ್ ಬರುವವರೆಗೂ ಕಾದರು. ಆಕೆ ಬಂದು, ವಿಷಯ ಕೇಳಿ, ಮೂರನೇ ಸ್ಪೂಲ್ ಹಾಕಲು ಹೇಳಿದರು. ಗುಂಯ್ ಎಂದಿತು.

“ವಾಲ್ಯೂಮ್ ಜಾಸ್ತಿ ಮಾಡು ಮ್ಯಾನ್.”

ಮಾಡಿದರು.

“ಇನ್ನೂ ಜಾಸ್ತಿ.”

“ಇಷ್ಟೇಯಾ ಮೇಡಂ ಅದಿರಾದು.”

ಸ್ಪೂಲ್ ಮುಗಿಯುವವರೆಗೆ ಆಕೆ ಕೂತಿದ್ದರು. ಆಮೇಲೆ ಅಂದದ್ದು ಇಷ್ಟು: “ಇಪ್ಪತ್ತೈದು ವರ್ಷ ಕಪಾಟಲ್ಲಿ ಇಟ್ಟಿದ್ದು ನಾನು. ನಿನ್ನ ಹೆಂಗೆ ಬೈಲಿ? ದೇವರ ಮುಂದೆ ಇಟ್ಟೆ ಅಂತ ಬೈಲಾ?” ಬೈದಿದ್ದರೆ ಚೆನ್ನಾಗಿರುತ್ತಿತ್ತು ಎನ್ನುತ್ತಾರೆ ಮರೆಪ್ಪ.

ಆಸ್ಟ್ರೇಲಿಯಾದಲ್ಲಿರುವ ಡ್ರಮ್ಮರ್‌ನನ್ನು ಎಥೆಲ್ ವಿಚಾರಿಸಿದರು. ಅವರ ಬಳಿ ಇರುವುದು ಆ ರೆಕಾರ್ಡ್ ಮಾತ್ರ. ಉಳಿದ ಹಾಡುಗಳ ಹೆಸರೂ ಅವರಿಗೆ ನೆನಪಿಲ್ಲ.

ಆವತ್ತಿನಿಂದ ದಿನಾ ಬೆಳಿಗ್ಗೆ ಮರೆಪ್ಪ ಒಂದೊಂದು ಸ್ಪೂಲ್ ಹಾಕಿ ಕೇಳುತ್ತಾರೆ. ಅಳಿಸಿದ ಜಾಗದಲ್ಲಿ ಏನಾದರೂ ತಪ್ಪಿಸಿಕೊಂಡಿರಬಹುದು ಎಂಬ ಆಸೆ. ಹೆಚ್ಚೇನೂ ತಪ್ಪಿಸಿಕೊಂಡಿಲ್ಲ. ಡ್ರಮ್ಮಿನ ಕೆಲವು ಪೆಟ್ಟು, ತಂಬೂರಿಯ ಒಂದು ಎಳೆ, ಮೂರನೇ ಸ್ಪೂಲಿನ ತುದಿಯಲ್ಲಿ ಒಂದು ಕೆಮ್ಮು. ಅದು ಡಡ್ಲಿಯದೇ, ಆ ಸಿಗರೇಟು ಕೆಮ್ಮನ್ನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ ಎನ್ನುತ್ತಾರೆ ಎಥೆಲ್. ಮರೆಪ್ಪನವರಿಗೆ ಅಷ್ಟು ನಂಬಿಕೆಯಿಲ್ಲ. “ಯಾರ್ ಕೆಮ್ಮಿದ್ರೂ ಅಂಗೇ ಕೇಳ್ತದೆ ಸಾರ್. ಆದ್ರೆ ಔರ ಮುಂದೆ ನಾನ್ಯಾಕೆ ಅನ್ನಾನ.”

ಕೆಮ್ಮು ಸಿಕ್ಕಿದೆ, ಕೊಡೆ ಸಿಕ್ಕಿಲ್ಲ. ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿದೆ. ಎಥೆಲ್ ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ. “ಹೇಳು ಮ್ಯಾನ್, ಏನ್ ಸಿಕ್ತು?” ಎಂದು ಕೇಳುತ್ತಾರೆ. ಸಿಕ್ಕಿದ್ದನ್ನು ಮರೆಪ್ಪ ಕೇಳಿಸುತ್ತಾರೆ. ಅದು ಮುಗಿಯಲು ಒಂದು ಲೋಟ ಟೀ ಕುಡಿಯುವಷ್ಟು ಹೊತ್ತೂ ಬೇಕಾಗುವುದಿಲ್ಲ. ಆಮೇಲೆ ಮೊದಲನೇ ಸ್ಪೂಲಿನ ಕ್ಯಾಸೆಟ್ ಹಾಕಿ ಇಬ್ಬರೂ ಪೂರ್ತಿ ಕೇಳುತ್ತಾರೆ.

ಐದು ಸ್ಪೂಲುಗಳಲ್ಲಿ ಹದಿನೇಳು ಹಾಡುಗಳಿದ್ದವು. ಕ್ಯಾಸೆಟ್ಟಿಗೆ ಬಂದದ್ದು ಮೂರು. ಹದಿನಾಲ್ಕು ಹೋದವು.