ಗೇಟಿನವರು ತಡೆದ ಕುರ್ಚಿಗಳು

ಅವರ ಮೂಗು ಉದ್ದ, ತುದಿಯಲ್ಲಿ ತುಸು ಎಡಕ್ಕೆ ವಾಲಿತ್ತು. ಹಲಗೆ ಯಾವುದೇ ಇರಲಿ, ಮೊದಲು ಆ ಮೂಗು ಹೋಗಿ ಅದಕ್ಕೆ ತಾಗಬೇಕು. ಕನ್ನಡಕವನ್ನು ಹಣೆಗೇರಿಸಿ, ಕಣ್ಣು ಮುಚ್ಚಿ, ಈ ತುದಿಯಿಂದ ಆ ತುದಿಯವರೆಗೆ ಮೂಸುತ್ತ ಹೋಗುವರು. ಆಮೇಲೆ ಕಣ್ಣು ತೆರೆದು ಹಲಗೆ ತಂದವರ ಮುಖ ನೋಡುವರು. ಆ ನೋಟಕ್ಕೂ ಆ ಮೂಸುವಿಕೆಗೂ ಹೆಚ್ಚು ವ್ಯತ್ಯಾಸವಿರಲಿಲ್ಲ.

"ಎಲ್ಲಿಂದ ಬಂತ್ ಇದ್?"

ನಾವು ನಮಸ್ಕಾರ ಹೇಳುವ ಜಾಗದಲ್ಲಿ ಅವರು ಹೇಳುತ್ತಿದ್ದುದು ಇದನ್ನು.

ಕೋಟದಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ಒಂದು ಮುಚ್ಚಿಹೋದ ಅಕ್ಕಿ ಮಿಲ್ಲಿದೆ. ಅದರ ಶೆಡ್ಡಿನಲ್ಲಿ ಭಾನುವಾರ ಬೆಳಿಗ್ಗೆ ನಮ್ಮ ಮರಗೆಲಸದ ಕೂಟ ಸೇರುತ್ತದೆ. ಮರಗೆಲಸವೇ ಕಸುಬಾದವರು ನಮ್ಮಲ್ಲಿ ಯಾರೂ ಇಲ್ಲ. ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರು, ಮೀನಿನ ಲಾರಿ ಓಡಿಸುವವರು, ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಒಬ್ಬರು, ಹೊಲಿಗೆ ಅಂಗಡಿಯ ನಾನು, ಹೀಗೆ. ಬಟ್ಟೆ ಕತ್ತರಿಸಲು ನನ್ನ ಎತ್ತರಕ್ಕೆ ಹೊಂದುವ ಮೇಜು ಎಲ್ಲೂ ಸಿಗದೆ, ನಾನೇ ಮಾಡಿಕೊಳ್ಳುತ್ತೇನೆಂದು ಹೋದವಳು. ಮೇಜು ಮುಗಿಯಿತು, ಹುಚ್ಚು ಮುಗಿಯಲಿಲ್ಲ.

ಆ ಉದ್ದ ಮೂಗಿನವರು ವಂಡ್ಸೆ ಕಡೆಯವರು. ಕಾಡಿನ ಮರ ಸಾಗಿಸುವ ಲಾರಿಗಳನ್ನು ತಡೆದು ನೋಡುವ ತಪಾಸಣಾ ಗೇಟಿನಲ್ಲಿ ಕಾವಲಿಗಿದ್ದು ನಿವೃತ್ತರಾಗಿದ್ದರು. ಹಾಗಾಗಿ ನಮಗೆಲ್ಲ ಅವರು ಗೇಟಿನವರು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇವರದು ಹುಟ್ಟುಗುಣವಲ್ಲ, ನೌಕರಿಯ ಗುಣ, ಅದೂ ಹೋಗಿರಲಿಲ್ಲ. ಬಾಗಿಲಿಗೆ ಎದುರಾಗಿಯೇ ಕೂರುವರು. ಬಂದವರ ಚೀಲದ ಮೇಲೆ ಕಣ್ಣು. ಅಂಟಿನ ಡಬ್ಬಿಯ ಮೇಲೆ ಏನೇ ಬರೆದಿರಲಿ, ಒಂದು ಹನಿ ಬೆರಳಲ್ಲಿ ಉಜ್ಜಿ ನೋಡದೆ ಬಳಸುವವರಲ್ಲ. ಹೋಟೆಲಣ್ಣ ಪ್ರತಿ ವಾರ ಎಲ್ಲರಿಗೂ ಬಿಸಿ ಬನ್ಸ್ ತರುತ್ತಿದ್ದರು. ಗೇಟಿನವರು ಅದನ್ನು ಮುರಿದು, ಒಳಗೆ ನೋಡಿ, ಮೂಸಿ, ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟು, ತಮ್ಮ ಫ್ಲಾಸ್ಕಿನ ಚಹಾ ಕುಡಿಯುವರು.

ಒಮ್ಮೆ ನಾನೊಂದು ಹಲಸಿನ ಹಲಗೆ ತಂದಿದ್ದೆ.

"ಎಲ್ಲಿಂದ ಬಂತ್ ಇದ್, ಟೈಲರಮ್ಮ?"

"ಉಪ್ಪುಂದದಗೆ ಒಂದ್ ಹಳೆ ಮನಿ ತೆಗದ್ರಲೆ, ಅದ್ರ್ ಬಾಗ್ಲ್."

"ನಂಬೂಕಾತ್ತಾ? ಕಾಂಬ."

ಹಲಗೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಹಳೆಯ ಮೊಳೆಯ ತೂತೊಂದಕ್ಕೆ ಕಡ್ಡಿ ತೂರಿಸಿ, ಒಳಗಿನಿಂದ ಹಸಿರು ಬಣ್ಣದ ಚೂರು ಕೆದಕಿ ತೆಗೆದರು. ಅದನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು.

"ಹ್ಮ್. ಬಾಗ್ಲೇ. ಅರ್ಧ ನಂಬ್ತೆ."

"ಉಳ್ದರ್ಧ?"

"ಉಪ್ಪುಂದ ಅಂದೇಳಿ ನೀವ್ ಹೇಳುದಲ್ದಾ? ಬಾಗ್ಲ್ ಹೇಳ್ಲಿಲ್ಲೆ."

ನನಗೆ ಮೈಯೆಲ್ಲ ಉರಿದುಹೋಯಿತು. ಯಾರನ್ನೂ ಸುಲಭಕ್ಕೆ ನಂಬುವ ಹೆಂಗಸು ನಾನೂ ಅಲ್ಲ. ಅಂಗಡಿಗೆ ಬರುವವರು ಹೇಳುವ ಸೊಂಟದ ಅಳತೆಯನ್ನು ಯಾವತ್ತಾದರೂ ನಂಬಿದ್ದೇನೆಯೇ? ಆದರೆ ಅದನ್ನು ಅವರ ಮುಖದ ಮೇಲೆ ಹೇಳುವುದಿಲ್ಲ.

ಅವರು ನಮ್ಮನ್ನು ನಂಬಲಿಲ್ಲ, ನಾವೂ ಅವರನ್ನು ನಂಬಲಿಲ್ಲ. ಇಷ್ಟು ಅನುಮಾನವಿರುವ ಮನುಷ್ಯ ಬಸ್ಸು ಬದಲಿಸಿಕೊಂಡು ಇಷ್ಟು ದೂರ ಬರುವುದಾದರೂ ಯಾಕೆ? ಅವರು ಮಾಡುತ್ತಿದ್ದ ಕೆಲಸವೂ ಅಷ್ಟಕ್ಕಷ್ಟೆ. ಸ್ಟೂಲೊಂದಕ್ಕೆ ಕಾಲು ಕೂರಿಸುತ್ತ ಒಂದು ಮಳೆಗಾಲವನ್ನೇ ಕಳೆದಿದ್ದರು. ಅವರು ಸೇರಿದ ಹೊಸದರಲ್ಲಿ ಅರಣ್ಯ ಇಲಾಖೆಯ ಜೀಪೊಂದು ಮಿಲ್ಲಿನ ಅಂಗಳಕ್ಕೆ ಬಂದು, ಯಾರೂ ಇಳಿಯದೆ, ತಿರುಗಿಸಿಕೊಂಡು ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮ್ಯಾನೇಜರು ಕಾಗದಪತ್ರವಿಲ್ಲದ, ತಮ್ಮ ಅಜ್ಜನ ಕಾಲದ ಬೀಟೆಯ ತುಂಡನ್ನು ಗೋಣಿಯಲ್ಲಿ ಸುತ್ತಿ ಮನೆಗೆ ಒಯ್ದರು. "ಇಲ್ಲಿದ್ ಸುದ್ದಿ ಎಲ್ಲ ಅಲ್ಲಿಗ್ ಹೋತ್ತ್ ಕಾಣಿ" ಎಂದು ಲಾರಿಯವರು ಪಿಸುಗುಟ್ಟಿದರು. ಜೀಪು ದಾರಿ ತಪ್ಪಿ ಬಂದಿತ್ತೋ, ಅವರೇ ಕರೆಸಿದ್ದರೋ, ನನಗೆ ಇಂದಿಗೂ ಗೊತ್ತಿಲ್ಲ.

ಆ ವರ್ಷ ನಾವೆಲ್ಲ ಸೇರಿ ಊರಿನ ಅಂಗನವಾಡಿಗೆ ಪುಟ್ಟ ಕುರ್ಚಿಗಳನ್ನು ಮಾಡಿಕೊಡಲು ಹೊರಟೆವು. ಮಳೆಗಾಲದಲ್ಲಿ ಅಲ್ಲಿನ ಸಿಮೆಂಟು ನೆಲ ಬೆವರುತ್ತದೆ. ಮಕ್ಕಳು ಅದರ ಮೇಲೇ ಕೂರುತ್ತಿದ್ದವು. ನನ್ನ ಮಗಳ ಮಗಳು ಆಗಷ್ಟೇ ಅಲ್ಲಿಗೆ ಹೋಗಲು ಶುರು ಮಾಡಿದ್ದಳು. ದಿನಾ ಚಡ್ಡಿ ಒದ್ದೆ ಮಾಡಿಕೊಂಡು ಬಂದು ಕೆಮ್ಮುವಳು. ಹಾಗಾಗಿ ಆ ಕುರ್ಚಿಗಳು ನನಗೆ ಬರೀ ಭಾನುವಾರದ ಆಟವಾಗಿರಲಿಲ್ಲ. ಅಂಚುಗಳನ್ನೆಲ್ಲ ನಾನೇ ಉಜ್ಜಿ ನಯಗೊಳಿಸಿದೆ, ಕೆನ್ನೆಗೆ ಒತ್ತಿ ನೋಡಿದೆ.

ಎಲ್ಲ ಮುಗಿದು, ಬಣ್ಣವೂ ಆಗಿ, ಮುಂದಿನ ಭಾನುವಾರ ಸಾಗಿಸುವುದೆಂದು ನಿಶ್ಚಯವಾಯಿತು. ಅಷ್ಟರಲ್ಲಿ ಒಂದು ಕುರ್ಚಿ ಕಾಣೆಯಾಯಿತು.

ಲಾರಿಯವರು ಕಂಡಿದ್ದರು. ಗೇಟಿನವರು ಕೋಟದ ಬಸ್‌ಸ್ಟಾಪಿನಲ್ಲಿ ಗೋಣಿಚೀಲವೊಂದನ್ನು ಅಪ್ಪಿಕೊಂಡು ನಿಂತಿದ್ದರಂತೆ. ಚೀಲದಿಂದ ನೀಲಿ ಬಣ್ಣದ ಕಾಲೊಂದು ಹೊರಗೆ ಚಾಚಿತ್ತಂತೆ. ಕಳ್ಳತನ ಅಂದರು ಒಬ್ಬರು. ಇಲಾಖೆಗೆ ಮಾದರಿ ಒಯ್ದಿದ್ದಾರೆ ಅಂದರು ಮತ್ತೊಬ್ಬರು. ಮೊಮ್ಮಕ್ಕಳಿಗೆ ಬೇಕಿದ್ದರೆ ಕೇಳಬಾರದಿತ್ತೇ ಎಂದು ಹೋಟೆಲಣ್ಣ ನೊಂದುಕೊಂಡರು. ಹೋಟೆಲಣ್ಣ ಯಾರ ಬಗ್ಗೆಯೂ ಕೆಟ್ಟದ್ದು ಆಡುವವರಲ್ಲ. ನಾನು ಮಾತ್ರ, ಬರಲಿ ಮನುಷ್ಯ, ಕೇಳಿಯೇ ಬಿಡುತ್ತೇನೆ ಎಂದು ಕಾದೆ.

ಭಾನುವಾರ ಪಿಕಪ್ ಗಾಡಿ ಬಂತು. ಅಂಗನವಾಡಿಯಲ್ಲಿ ಫ್ಲೆಕ್ಸ್ ಕಟ್ಟಿಯಾಗಿತ್ತು, ಪಂಚಾಯತಿನವರು ಬಂದು ಕೂತಿದ್ದರು. ನಾವು ಶೆಡ್ಡಿಗೆ ಹೋದರೆ ಬಾಗಿಲಿಗೆ ಅಡ್ಡಲಾಗಿ ಒಂದು ಬಿದಿರಿನ ಗಳ. ಅದರ ಹಿಂದೆ ಗೇಟಿನವರು, ಉದ್ದ ತೋಳಿನ ಅಂಗಿ ತೊಟ್ಟು.

"ಒಂದೂ ಹೊರಗ್ ಹೋಪುಕಾಗ."

"ಹ್ವಾಯ್, ಎಂತ ಮಾರಾಯ್ರೆ ಇದ್?" ಲಾರಿಯವರು ಗಳಕ್ಕೆ ಕೈ ಹಾಕಿದರು. "ಕುರ್ಚಿ ಕದ್ಕಂಡ್ ಹೋದವ್ರ್ ಈಗ ಬಾಗ್ಲ್ ಕಾಯ್ತ್ರಾ?"

"ನಾ ಬಿಡ್ತಿಲ್ಲೆ."

"ಒಂದ್ ಕುರ್ಚಿ ಎಂತ ಮಾಡಿರಿ? ಅದ್ ಹೇಳಿ ಮೊದ್ಲ್" ಎಂದೆ ನಾನು.

ಅವರು ನಿಧಾನವಾಗಿ ಎಡತೋಳಿನ ಗುಂಡಿ ಬಿಚ್ಚಿ ಅಂಗಿಯನ್ನು ಮೇಲಕ್ಕೆ ಸರಿಸಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಕೆಂಪೇರಿ ಊದಿತ್ತು. ನಡುವೆ ನೀರು ತುಂಬಿದ ಗುಳ್ಳೆಗಳು, ಕೆಲವು ಒಡೆದು ಕಪ್ಪಾಗುತ್ತಿದ್ದವು. ಲಾರಿಯವರ ಕೈ ತಾನಾಗಿ ಗಳ ಬಿಟ್ಟಿತು.

"ಬಣ್ಣದ ವಾಸ್ನಿ ಒಳ್ಗೆ ಮತ್ತೊಂದ್ ವಾಸ್ನಿ ಇದ್ದಿತ್. ಎಂತ ಅಂದೇಳಿ ಗೊತ್ತಾಯ್ಲಿಲ್ಲೆ. ಮನೀಗ್ ತಕಂಡ್ ಹೋಯಿ ಕೈಗ್ ಉಜ್ಜಿ ಕಂಡೆ." ಒಂದು ಕುರ್ಚಿಯನ್ನು ಬೋರಲು ಹಾಕಿದರು. ಕೂರುವ ಹಲಗೆಯ ಅಡಿಭಾಗದಲ್ಲಿ ಬಣ್ಣದ ಕೆಳಗಿನಿಂದ ಕಂದು ಜಿಡ್ಡು ಒಸರುತ್ತಿತ್ತು. "ಮಕ್ಳ್ ಕುರ್ಚಿ ಎಲ್ ಹಿಡ್ದ್ ಎಳುದ್? ಅಡಿಗೆ ಕೈ ಹಾಕಿ ಅಲ್ದಾ?"

ಮೊಮ್ಮಗಳು ಮನೆಯಲ್ಲಿ ಸ್ಟೂಲು ಎಳೆಯುವುದು ಹಾಗೆಯೇ. ಎಳೆದ ಕೈಯನ್ನು ಮರುಕ್ಷಣ ಬಾಯಿಗಿಡುವವಳು, ಕಣ್ಣುಜ್ಜಿಕೊಳ್ಳುವವಳು.

ಹಿಂದಿನಿಂದ ಹೋಟೆಲಣ್ಣನ ಸ್ವರ ಬಂತು, ಬಹಳ ಸಣ್ಣದಾಗಿ. "ಗೇರೆಣ್ಣಿ ಅದ್. ಒರ್ಲಿ ಹಿಡಿಯದಿರ್ಲಿ ಅಂದೇಳಿ ಅಡಿಗ್ ಒಂಚೂರ್ ಹಚ್ಚಿದ್ದೆ. ನಮ್ಮ ಅಜ್ಜನ ಮನಿ ಜಂತಿಗೂ ಅದೇ ಹಚ್ಚಿದ್ದ್."

ಗೇರುಬೀಜದ ಸಿಪ್ಪೆಯ ಎಣ್ಣೆ. ನಮ್ಮ ಕಡೆ ಮನೆಯ ಮಾಡಿಗೂ ದೋಣಿಗೂ ಹಚ್ಚುವುದು ರೂಢಿ; ಗೆದ್ದಲು ಆ ಕಡೆ ಸುಳಿಯುವುದಿಲ್ಲ. ಮೈಗೆ ತಾಗಿದರೆ ಸುಟ್ಟ ಹಾಗೆ ಏಳುತ್ತದೆಂದು ನಮ್ಮ ಊರಿನಲ್ಲಿ ತಿಳಿಯದವರಿಲ್ಲ. ಆದರೆ ಜಂತಿಯನ್ನು ಯಾರೂ ಮುಟ್ಟುವುದಿಲ್ಲ. ಕುರ್ಚಿಯೂ ಜಂತಿಯಷ್ಟೇ ಕಾಲ ಬಾಳಲಿ ಎಂದುಕೊಂಡ ಆ ಪ್ರೀತಿಯ ಮನುಷ್ಯನಿಗೆ ಅದು ಮಾತ್ರ ಹೊಳೆದಿರಲಿಲ್ಲ. ಅವರನ್ನು ನಾವ್ಯಾರೂ ಅನುಮಾನಿಸಿರಲಿಲ್ಲ. ಅನುಮಾನವೆಲ್ಲ ಬಾಗಿಲಲ್ಲಿ ನಿಂತವರ ಮೇಲೆ ಖರ್ಚಾಗಿತ್ತು.

"ಮೊದ್ಲೇ ಒಂದ್ ಮಾತ್ ಹೇಳೂಕಾಗಿತ್ತಲೆ?" ಎಂದೆ.

"ಯಾರ್ ಹಚ್ಚಿದ್ದ್ ಅಂದೇಳಿ ಗೊತ್ತಿರ್ಲಿಲ್ಲೆ. ಹಚ್ಚಿದವ್ರ್ ನೀವೂ ಇಪ್ಪುಕೂ ಸಾಕ್."

"ಅದಕ್ಕೆ ನಿಮ್ಮ ಕೈ ಸುಟ್ಕಂಬುದಾ?"

"ಮತ್ಯಾರ್ ಕೈಗ್ ಹಚ್ಚುದ್? ಬೇರೆಯವ್ರ್ ಉರಿ ಅಂದ್ರೆ ನಂಬೂಕಾತ್ತಾ?"

ಫ್ಲೆಕ್ಸ್ ಬಿಚ್ಚಬೇಕಾಯಿತು. ಪಂಚಾಯತಿನವರು ಮುಖ ಊದಿಸಿಕೊಂಡು ಎದ್ದು ಹೋದರು. ನಾವು ಕೈಗಳಿಗೆ ತೆಂಗಿನೆಣ್ಣೆ ಬಳಿದುಕೊಂಡು, ಬಟ್ಟೆ ಸುತ್ತಿಕೊಂಡು ಕೂರುವ ಹಲಗೆಗಳನ್ನೆಲ್ಲ ಕಳಚಿ ಎಸೆದೆವು, ಹೊಸದನ್ನು ಕೂರಿಸಿದೆವು. ಎಲ್ಲರಿಗಿಂತ ಹೆಚ್ಚು ದುಡಿದವರು ಹೋಟೆಲಣ್ಣ. ಗೇಟಿನವರು ಅವರಿಗೆ ಬೈಯಲಿಲ್ಲ. ಪ್ರತಿ ಕುರ್ಚಿ ಮುಗಿದಾಗಲೂ ಅದರ ಅಡಿಗೆ ತಮ್ಮ ಬಲಗೈಯನ್ನು ಉಜ್ಜುವರು, ಪಕ್ಕಕ್ಕಿಡುವರು, ಅಷ್ಟೆ. ಒಂದು ವಾರ ಕಾದು, ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, ಆಮೇಲೆ ತಾವೇ ಗಳ ತೆಗೆದರು.

ಅಂದಿನಿಂದ ನಾವೆಲ್ಲ ಒಂದಾಗಿ ಹಾಲು ಸಕ್ಕರೆಯ ಹಾಗೆ ಇದ್ದೆವು ಎಂದರೆ ಸುಳ್ಳಾಗುತ್ತದೆ. ಅವರು ನನ್ನ ಚೀಲ ನೋಡುವುದನ್ನು ಬಿಡಲಿಲ್ಲ. ನಾನೂ ಅವರನ್ನು ಅನುಮಾನಿಸಿದ್ದಕ್ಕೆ ಕ್ಷಮೆ ಕೇಳಲಿಲ್ಲ. ಅಂಥ ಮನುಷ್ಯನನ್ನು ಯಾರಾದರೂ ಅನುಮಾನಿಸಿಯಾರು. ಆದರೆ ಅವರು ಬಾರದ ಭಾನುವಾರ ಮಾಡಿದ ಕೆಲಸವನ್ನು ಅವರು ಬಂದು ನೋಡುವವರೆಗೆ ಯಾರ ಮನೆಗೂ ಕಳಿಸುತ್ತಿರಲಿಲ್ಲ. ಹಾಗೆಂದು ಯಾರೂ ನಿಯಮ ಮಾಡಿದ್ದಲ್ಲ.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ವಂಡ್ಸೆಗೆ ಹೋದಾಗ ಅವರ ಹೆಂಡತಿ ಜಗಲಿಯಲ್ಲಿ ಕೂತಿದ್ದರು.

"ಮದಿ ಆಯಿ ಈ ಮನಿಗ್ ಬಂದಲ್ಲಿಂದ ನಾ ಮಾಡಿದ್ ಚಾ ಮೂಸಿಯೇ ಕುಡ್ದದ್ ಇವ್ರ್" ಎಂದರು. "ಕಡೀಗ್ ಆಸ್ಪತ್ರಿ ಮದ್ದ್ ಮಾತ್ರ ಕೊಟ್ಟದ್ದ್ ಕೊಟ್ಟಂಗೆ ನುಂಗಿರ್. ನಂಗ್ ಹೆದ್ರಿಕಿ ಆದದ್ ಆಗ್ಲೇ."

ಮನೆಗೆ ಬಂದಾಗ ಮೊಮ್ಮಗಳು ಬರೆಯುತ್ತ ಕೂತಿದ್ದಳು. ಅವಳೀಗ ಒಂದನೇ ಕ್ಲಾಸು.

"ಅಮ್ಮಮ್ಮ, ಎಲ್ಲಿಗ್ ಹೋಯಿದ್ದೆ?"

"ಒಬ್ರ್ ಅಜ್ಜ ತೀರ್ಕಂಡ್ರ್ ಮಗಾ. ನಿಮ್ಮ ಅಂಗನವಾಡಿ ಕುರ್ಚಿ ಮಾಡಿದವ್ರ್."

"ನಂಗ್ ಅವ್ರ್ ಗೊತ್ತಿತ್ತಾ?"

ಗೊತ್ತಿಲ್ಲ ಎಂದೆ. ಅವಳ ಕೈಯಿಂದ ಪೆನ್ಸಿಲು ತೆಗೆದಿಟ್ಟು ಎರಡೂ ಅಂಗೈಗಳನ್ನು ಬಿಡಿಸಿ ನೋಡಿದೆ. ಕಲೆಯಿಲ್ಲದ, ಮೆತ್ತಗಿನ ಅಂಗೈಗಳು. ಯಾಕೆ ಅಳುತ್ತೀಯೆಂದು ಅವಳು ಕೇಳಿದಳು.