ವಂದನೆ ಇಲ್ಲದ ಭಾಷಣ

ಕುರುಗೋಡಿನ ಒಂದು ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಗೆ ಕನ್ನಡ ಕಲಿಸುತ್ತಿದ್ದಾಗ ಮಕ್ಕಳಿಂದ ಭಾಷಣಗಳನ್ನು ಬಿಡಿಸಿ ನೋಡಿಸುತ್ತಿದ್ದೆ. ಮೊಬೈಲಿನಲ್ಲಿ ಯಾವುದೋ ಸಭೆಯ ಭಾಷಣ ಕೇಳಿಸುವುದು, ಅವರು ಬರೆದುಕೊಳ್ಳುವುದು, ಆಮೇಲೆ ಏನನ್ನೂ ಹೇಳದ ಸಾಲುಗಳನ್ನು ಹೊಡೆದು ಹಾಕುವುದು. ಮೊದಲು ಹೋಗುತ್ತಿದ್ದದ್ದು ವೇದಿಕೆಯ ಮೇಲಿನವರಿಗೆ ಸಲ್ಲಿಸುವ ಉದ್ದನೆಯ ವಂದನೆ. ಕೆಲವು ಭಾಷಣಗಳಲ್ಲಿ ಅದು ಹೋದರೆ ಧನ್ಯವಾದವಷ್ಟೇ ಉಳಿಯುತ್ತಿತ್ತು. ಬಳ್ಳಾರಿಯಲ್ಲಿ ಎಂ.ಎ. ಓದಿದ್ದು ಇದಕ್ಕಾದರೂ ಬಂತು ಎಂದುಕೊಂಡಿದ್ದೆ.

ಆ ವರ್ಷ ಸಿರುಗುಪ್ಪದ ಭಾಷಣ ಸ್ಪರ್ಧೆಗೆ ಒಬ್ಬ ದರ್ಜಿಯ ಮಗಳನ್ನು ಸಿದ್ಧಪಡಿಸಿದೆ. ಅಲ್ಲಿ ಗೆದ್ದವರಿಗೆ ಬಳ್ಳಾರಿಯಲ್ಲಿ ಫೈನಲ್. ಅವಳಿಗೆ ಬಳ್ಳಾರಿಯ ಕಾಲೇಜು ಬೇಕಿತ್ತು. ಅವರಪ್ಪ ಒಂದು ಮಾತು ಕೊಟ್ಟಿದ್ದ: "ಅಷ್ಟು ಮಂದಿ ಮುಂದ ಮಾತಾಡಿ ಗೆದ್ದು ಬಂದ್ಲಂದ್ರ, ಬಸ್ಸಿನಾಗ ಒಬ್ಬಾಕಿನ ಹೋಗಿ ಬರಾಕೂ ಬರತೈತಿ ಬಿಡ್ರಿ."

'ನಮ್ಮ ಶಾಲೆಯ ಹುಡುಗಿಯರು ಸಂಜೆ ಮನೆಗೆ ಹೋಗುವವರೆಗೆ ನೀರು ಕುಡಿಯುವುದಿಲ್ಲ' ಎಂದು ಅವಳು ಬರೆದಿದ್ದಳು. ಶೌಚಾಲಯಕ್ಕೆ ಬೀಗ ಹಾಕಿರುತ್ತಿತ್ತು. ಆ ಸಾಲಿನ ಮೇಲೆ ಏಳು ಸಾಲಿನ ವಂದನೆ ಇತ್ತು. ಅದನ್ನು ನಾನು ಕೆಂಪು ಶಾಯಿಯಲ್ಲಿ ಹೊಡೆದದ್ದು ಕಣ್ಣಿಗೆ ಕಟ್ಟಿದಂತಿದೆ. ಆದರೆ ನಾನು ಕೆಂಪು ಪೆನ್ನು ಇಟ್ಟುಕೊಂಡವನೇ ಅಲ್ಲ. ಪಾಠ ಕೇಳಿ ಅವಳೇ ಹೊಡೆದಿದ್ದರೂ ಹೊಡೆದಿರಬಹುದು.

"ನಮಸ್ಕಾರ ಹೇಳಲಿಲ್ಲಂದ್ರ ಸಿಟ್ಟಾಗಂಗಿಲ್ಲೇನ್ರಿ ಸರ್?" ಎಂದು ಕೇಳಿದ್ದಂತೂ ನಿಜ.

"ಆಗ್ಲಿ ಬಿಡವ್ವ," ಎಂದಿದ್ದೆ.

ಸಿರುಗುಪ್ಪದಲ್ಲಿ ಅವಳು ನೇರವಾಗಿ ಆ ಸಾಲಿನಿಂದಲೇ ಶುರು ಮಾಡಿದಳು. ಮೂರನೆಯ ವಾಕ್ಯಕ್ಕೆ ತೀರ್ಪುಗಾರರಲ್ಲಿ ಹಿರಿಯರೊಬ್ಬರು ಮೈಕು ಎಳೆದುಕೊಂಡರು.

"ಏನವ್ವಾ, ಇಲ್ಲಿ ಕುಂತೋರು ಮಂದಿ ಅಲ್ಲೇನು? ನಮಸ್ಕಾರ ಹೇಳಿ ಮೊದಲಿಂದ ಶುರು ಮಾಡು."

ಸಭೆ ನಕ್ಕಿತು. "ಎಲ್ಲಾರಿಗೂ ನಮಸ್ಕಾರ್ರಿ," ಎಂದಳು. ಮುಂದಿನದು ಬರಲಿಲ್ಲ. ಗಂಟೆ ಬಾರಿಸುವವರೆಗೆ ನಿಂತಿದ್ದು ಇಳಿದು ಬಂದಳು.

ವಾಪಸು ಬರುವಾಗ ತೆಕ್ಕಲಕೋಟೆ ದಾಟಿದ ಮೇಲೆ ಕೇಳಿದಳು: "ಹೇಳಿದ್ರ ಏನು ಹೋಗ್ತಿತ್ರಿ ಸರ್?"

ಉತ್ತರ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಬಸ್ಸಿನಲ್ಲಿ ಮಾತ್ರ ಎದ್ದು ಹೋಗಿ ಕಂಡಕ್ಟರನಿಂದ ಉಳಿದ ಚಿಲ್ಲರೆ ಇಸಿದುಕೊಂಡು ಬಂದೆ.

ವಾರದ ನಂತರ ಅವರ ಅಂಗಡಿಗೆ ಹೋದೆ. ಅವಳು ಒಳಗೆ ಕುಳಿತು ಗುಂಡಿ ಹಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.

"ಹೆದರಿಬಿಟ್ಲಂತಲ್ರಿ ಸರ್," ಎಂದ ಅವರಪ್ಪ. "ಆಕಿನ ಹೇಳಿದ್ಲು. ಬಳ್ಳಾರಿ ಬ್ಯಾಡ ಬಿಡ್ರಿ, ಊರಾಗ ಐತೆಲ್ಲಾ ಕಾಲೇಜು."

ನನ್ನ ಹೆಸರನ್ನು ಅವಳು ಎತ್ತಿರಲಿಲ್ಲ. ಹೆದರಲಿಲ್ಲ, ನಾನು ಹೇಳಿಕೊಟ್ಟಂತೆ ಮಾತಾಡಿದಳು ಎಂದು ಅವನಿಗೆ ಹೇಳಿದೆ ಎಂದೇ ಬಹಳ ದಿನ ನಂಬಿಕೊಂಡಿದ್ದೆ. ಹೇಗೆ ಹೇಳಿದೆ, ಅವನು ಏನಂದ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಒಂದು ಪ್ಯಾಂಟಿಗೆ ಅಳತೆ ಕೊಟ್ಟದ್ದು ಮಾತ್ರ ಸ್ಪಷ್ಟವಾಗಿದೆ. ಬೇಸಿಗೆ ಕಳೆದ ಮೇಲೆ ಅವಳು ಊರಿನ ಕಾಲೇಜಿಗೇ ಸೇರಿದಳು.